‘ಒಂದೇ ಗಂಟೆ’ ಯಾವ ಗಡಿಯಾರದಲ್ಲಿ?

ಮಾನ್ಯ ಸಂಪಾದಕರೇ,

ಮಂಗಳೂರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆ ಎಂಬ ತಮ್ಮ ಮೊನ್ನೆಯ ವರದಿಯನ್ನು ನಂಬಿ ಕೆಟ್ಟವನು ನಾನು. ಮೊಮ್ಮಗಳ ನಾಮಕರಣಕ್ಕೆ ರಾತ್ರಿ ಬಸ್ಸಿನಲ್ಲಿ ಹೊರಡಲಿದ್ದವನು, ಈ ವಯಸ್ಸಿನಲ್ಲಿ ಶಿರಾಡಿ ಘಾಟಿಯ ಕುಲುಕಾಟ ಏಕೆಂದು ವಿಮಾನದ ಟಿಕೆಟ್ ಮಾಡಿಸಿದೆ.

ಎರಡು ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ವಿಮಾನ ಆಕಾಶದಲ್ಲಿ ಇದ್ದದ್ದೂ ಮುಕ್ಕಾಲು ಗಂಟೆಯೇ, ಸುಳ್ಳು ಹೇಳುವುದಿಲ್ಲ. ಆದರೆ ಉಡುಪಿಯವರು ರನ್‌ವೇ ಬದಿಯಲ್ಲಿ ಬಿಡಾರ ಹೂಡಿಲ್ಲವಲ್ಲ! ಏಳೂವರೆಯ ವಿಮಾನಕ್ಕೆ ಬೆಳಗಿನ ಜಾವ ಮೂರೂ ಮುಕ್ಕಾಲಿಗೇ ಕಲ್ಯಾಣಪುರದ ಮನೆ ಬಿಟ್ಟೆ. ಮೂಲ್ಕಿ, ಕಿನ್ನಿಗೋಳಿ, ಕಟೀಲು ದಾಟಿ ಬಜ್ಪೆಯ ವಿಮಾನ ನಿಲ್ದಾಣ ತಲುಪಿ ಸಾಲಿನಲ್ಲಿ ನಿಂತೆ. ಮಗಳಿಗೆಂದು ಒಯ್ದ ಮಟ್ಟುಗುಳ್ಳ ಬದನೆ ಪಾಸಾಯಿತು, ಒಣಕೊಬ್ಬರಿ ಫೇಲಾಯಿತು. ಎಣ್ಣೆಯ ಅಂಶವಿದೆ, ಬೆಂಕಿ ಹೊತ್ತಿಕೊಂಡೀತು ಎಂದರು. ನಿಯಮವಂತೆ, ಇರಲಿ. ನನ್ನ ಹೊಟ್ಟೆಯೊಳಗೆ ಆಗಲೇ ಹೊತ್ತಿಕೊಂಡಿದ್ದುದು ಅವರ ಯಂತ್ರಕ್ಕೆ ಕಾಣಿಸಲಿಲ್ಲ.

ಏಳೂವರೆ ಎಂಟಾಯಿತು, ಎಂಟು ಒಂಬತ್ತಾಯಿತು. ಕೇಳಿದರೆ ‘ಕಾರ್ಯಾಚರಣೆಯ ಕಾರಣ’ ಎಂಬ ಒಂದೇ ಮಂತ್ರ. ಹೊರಟಾಗ 9.40. ಇಳಿದು, ಚೀಲಕ್ಕಾಗಿ ಕಾದು, ಹೆಬ್ಬಾಳದ ವಾಹನಗಳ ಹಿಂಡಿನಲ್ಲಿ ಸಿಕ್ಕಿಕೊಂಡು ಜಯನಗರ ತಲುಪಿದಾಗ ಮಧ್ಯಾಹ್ನ 12.45. ಮುಹೂರ್ತ ಹನ್ನೊಂದಕ್ಕಿತ್ತು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಅಜ್ಜನಿಗೆ ಆ ಹೆಸರು ತಿಳಿದದ್ದು ಪಾಯಸದ ಹೊತ್ತಿಗೆ! ಒಟ್ಟು ಒಂಬತ್ತು ಗಂಟೆ. ರಾತ್ರಿ ಒಂಬತ್ತರ ಬಸ್ಸೂ ಬೆಳಿಗ್ಗೆ ಆರಕ್ಕೆ ಬೆಂಗಳೂರು ಮುಟ್ಟಿಸುತ್ತದೆ. ಅದೂ ಒಂಬತ್ತೇ ಗಂಟೆ, ಮಲಗಿಕೊಂಡು, ಕೊಬ್ಬರಿ ಸಮೇತ.

ಬಜ್ಪೆಯಲ್ಲಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದದ್ದು 1951ರ ಡಿಸೆಂಬರ್ 25ರಂದು. ಅಂದಿನಿಂದ ವಿಮಾನಗಳ ವೇಗ ಹೆಚ್ಚಿದೆ, ನಮ್ಮ ಅಧಿಕಾರಿಗಳದ್ದು ಮಾತ್ರ ಎತ್ತಿನ ಗಾಡಿಯದೇ. 2,450 ಮೀಟರಿನ ರನ್‌ವೇ ಉದ್ದ ಮಾಡುವ ಮಾತು ಎಷ್ಟು ವರ್ಷಗಳಿಂದ ನಡೆಯುತ್ತಿದೆ? ಮಾತು ರನ್‌ವೇಗಿಂತ ಉದ್ದವಾಯಿತು. ನಮ್ಮ ಸಂತೆಕಟ್ಟೆಯ ಅಂಡರ್‌ಪಾಸ್ ಕೆಲಸದಲ್ಲಿ ನುಂಗಿದ ಧೂಳನ್ನು ಕೂಡಿಟ್ಟಿದ್ದರೆ ಒಂದು ಗುಡ್ಡವೇ ಆಗುತ್ತಿತ್ತು. ದೂರು ಕೊಡಲು ಹೋದರೆ ಸಾಹೇಬರು ಮೀಟಿಂಗಿನಲ್ಲಿ. ಮೀಟಿಂಗ್ ಮುಗಿದರೆ ಊಟಕ್ಕೆ.

ಆದ್ದರಿಂದ ಸಂಬಂಧಪಟ್ಟವರು ವಿಮಾನಗಳನ್ನು ಹೊತ್ತಿಗೆ ಸರಿಯಾಗಿ ಬಿಡಲಿ, ಇಲ್ಲವೇ ಉಡುಪಿಯವರಿಗೆ ಹಗಲಿನ ಒಂದು ಒಳ್ಳೆಯ ರೈಲನ್ನಾದರೂ ಕೊಡಲಿ. ಎರಡೂ ಆಗದಿದ್ದರೆ ‘ಒಂದೇ ಗಂಟೆ’ ಎಂದು ಅಚ್ಚು ಹಾಕುವ ಮೊದಲು ತಮ್ಮ ವರದಿಗಾರರು ಒಮ್ಮೆ ಮೂರೂ ಮುಕ್ಕಾಲಿಗೆ ನಮ್ಮ ಮನೆಗೆ ಬರಲಿ. ಕಾಫಿ ನಾನು ಕೊಡುತ್ತೇನೆ, ಟ್ಯಾಕ್ಸಿಯ ದುಡ್ಡು ಅವರೇ ಕೊಡಲಿ.

– ನೊಂದ ಅಜ್ಜ, ಕಲ್ಯಾಣಪುರ, ಉಡುಪಿ