ನೀವೀಗ ಏನು ಓದುತ್ತಿದ್ದೀರಿ?

ಮಾನ್ಯರೇ,

ಮಳೆಗಾಲ ಬಂತೆಂದರೆ ನಮ್ಮ ಕರಾವಳಿಯಲ್ಲಿ ಓದುವವರು ಜಾಸ್ತಿ. ಆದರೆ ಯಾರು ಏನು ಓದುತ್ತಿದ್ದಾರೆ ಅನ್ನುವುದು ಪಕ್ಕದ ಮನೆಗೂ ತಿಳಿಯುವುದಿಲ್ಲ. ಪತ್ರಿಕೆಗಳಲ್ಲಿ ಹೊಸ ಪುಸ್ತಕಗಳ ವಿಮರ್ಶೆ ಬರುತ್ತದೆ, ಸಂತೋಷ. ಓದುಗರೇ ಬರೆಯುವ ನಾಲ್ಕು ಸಾಲಿಗೂ ಜಾಗ ಬೇಕು. ಪುಸ್ತಕ ಹಳೆಯದಾದರೂ ಸರಿ.

ನಾನು ಈಗ ಯಶವಂತ ಚಿತ್ತಾಲರ ‘ಶಿಕಾರಿ’ ಓದುತ್ತಿದ್ದೇನೆ. 1979ರ ಕಾದಂಬರಿ. ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನನ್ನು ಜೊತೆಯವರೇ ಬೇಟೆಯಾಡುತ್ತಾರೆ. ಆಫೀಸಿನ ಒಳಸಂಚು, ತಪ್ಪೇನೆಂದೇ ತಿಳಿಯದೆ ಹುಟ್ಟುವ ಭಯ. ಇವತ್ತು ನೌಕರಿ ಮಾಡುವವರಿಗೂ ಇದು ಗೊತ್ತಿರುವುದೇ ಅಲ್ವಾ? ಚಿತ್ತಾಲರು ನಮ್ಮ ಹನೇಹಳ್ಳಿಯವರು. ಮುಂಬಯಿಯಲ್ಲಿ ಕೂತು ಬರೆದರೂ ಅವರ ಕಥೆಗಳಿಗೆ ಈ ಊರು ಮತ್ತೆ ಮತ್ತೆ ಬರುತ್ತದೆ. ಅದನ್ನು ಇಲ್ಲಿಯೇ ಕೂತು ಓದುವ ಖುಷಿಯೇ ಬೇರೆ.

ಮನೆಯಲ್ಲಿ ಮಗಳು ಅಂಕೋಲೆಯ ದಿನಕರ ದೇಸಾಯಿಯವರ ಚುಟುಕಗಳನ್ನು ಜೋರಾಗಿ ಓದುತ್ತಾಳೆ. ನಾಲ್ಕೇ ಸಾಲು, ಬೇಗ ಬಾಯಿಗೆ ಬರುತ್ತವೆ.

ಕಾರವಾರ, ಶಿರಸಿ, ಭಟ್ಕಳದವರು ಏನು ಓದುತ್ತಿದ್ದಾರೆ? ತಿಳಿಯುವ ಆಸೆ ನನಗೆ ತುಂಬಾ ಇದೆ. ವಾರಕ್ಕೊಮ್ಮೆ ಅರ್ಧ ಕಾಲಂ ಕೊಡಿ. ಸುಮ್ನೆ ಪುಸ್ತಕದ ಹೆಸರು ಸಾಲದು, ಯಾಕೆ ಇಷ್ಟವಾಯಿತು ಎಂದೂ ಬರೆಯಲಿ.

– ಓದುಗ, ಕುಮಟಾ