ಠಾಣೆ ಕ್ರೀಕ್ ಕಸದ ಗುಂಡಿಯಲ್ಲ

ಮಾನ್ಯ ಸಂಪಾದಕರೇ,

ಮುಂಬೈ ಸಮುದ್ರ ಅಂದರೆ ಎಲ್ಲರಿಗೂ ಮರೀನ್ ಡ್ರೈವ್ ನೆನಪಾಗುತ್ತದೆ. ಆದರೆ ಈ ಊರಿಗೆ ಬಂದರು ಸಿಕ್ಕಿದ್ದು ಪೂರ್ವದ ನೀರಿನಿಂದ ಅಲ್ವಾ? ಠಾಣೆ ಕ್ರೀಕ್, ಅಂದರೆ ಒಳನಾಡಿಗೆ ಚಾಚಿದ ಸಮುದ್ರದ ಹಿನ್ನೀರು, ಮುಂಬೈ ಮತ್ತು ನವಿ ಮುಂಬೈ ನಡುವೆ ಸುಮಾರು 26 ಕಿ.ಮೀ. ಇಳಿದು, ಅಗಲವಾಗಿ, ಎಲಿಫೆಂಟಾ ದ್ವೀಪದ ಹತ್ತಿರ ದೊಡ್ಡ ಬಂದರಾಗುತ್ತದೆ. ಒಂದು ದಡದಲ್ಲಿ ಮುಂಬೈ ಪೋರ್ಟ್, ಎದುರಿಗೆ 1989ರಲ್ಲಿ ಶುರುವಾದ ನ್ಹಾವಾ ಶೇವಾ ಬಂದರು.

ಠಾಣೆಯ ತುದಿಯಲ್ಲಿ ಉಲ್ಹಾಸ್ ನದಿಗೆ ಇರುವುದು ಕಿರಿದಾದ ಸಂಪರ್ಕ ಮಾತ್ರ. ಹಾಗಾಗಿ ಮಳೆಗಾಲ ಬಿಟ್ಟರೆ ಸಿಹಿನೀರು ಜಾಸ್ತಿ ಬರುವುದಿಲ್ಲ. ದಿನಕ್ಕೆರಡು ಸಲ ಬರುವ ಭರತ, ಇಳಿತವೇ ಇದನ್ನು ತೊಳೆಯಬೇಕು. ಮೇಲ್ಭಾಗದಲ್ಲಿ ಸುರಿದ ಕಸ ಬೇಗ ಸಮುದ್ರ ಸೇರುವುದಿಲ್ಲ, ಅಲ್ಲೇ ಹಿಂದೆ ಮುಂದೆ ಓಡಾಡುತ್ತದೆ.

ನಾನು ಕುಂದಾಪುರದ ಕಡೆಯವಳು, ಈಗ ಐರೋಳಿಯಲ್ಲಿದ್ದೇನೆ. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡ (ಮ್ಯಾಂಗ್ರೋವ್) ನನಗೆ ಹೊಸದಲ್ಲ. ಇಳಿತದ ಹೊತ್ತಲ್ಲಿ ಕ್ರೀಕ್ ದಡದಲ್ಲಿ ನೋಡಿ: ಕೆಸರಿನಿಂದ ಮೇಲೆದ್ದ ಉಸಿರಾಟದ ಬೇರುಗಳಿಗೆ ಹಾಲಿನ ಪ್ಯಾಕೆಟ್ಟು, ಪೂಜೆಯ ಹೂವಿನ ಚೀಲ ಸುತ್ತಿಕೊಂಡಿರುತ್ತವೆ. ಪಕ್ಕದಲ್ಲೇ ಒಡೆದ ಟೈಲ್ಸ್, ಸಿಮೆಂಟಿನ ರಾಶಿ. ಅದೇ ಕೆಸರಲ್ಲಿ ಫ್ಲೆಮಿಂಗೋಗಳು ತಲೆ ಬಗ್ಗಿಸಿ ಮೇಯುತ್ತಿರುತ್ತವೆ. ಹೊಟ್ಟೆ ಉರಿಯುತ್ತದೆ.

2022ರಲ್ಲಿ ಈ ಕ್ರೀಕ್‌ಗೆ ರಾಮ್ಸಾರ್ ಮನ್ನಣೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮನ್ನಣೆ, ಸಿಕ್ಕಿತು. ಸುಮ್ನೆ ಬೋರ್ಡ್ ಹಾಕಿದರೆ ಸಾಲದು. ಕಟ್ಟಡದ ಅವಶೇಷ ತಂದು ಸುರಿಯುವ ಲಾರಿಗಳನ್ನು ಹಿಡಿದು ದಂಡ ಹಾಕಬೇಕು. ಮುಲುಂಡ್, ಐರೋಳಿ, ವಾಶಿಯ ಕನ್ನಡ ಸಂಘಗಳೂ ಇದಕ್ಕೆ ದನಿಗೂಡಿಸಲಿ.

– ಓದುಗಿ, ಐರೋಳಿ, ನವಿ ಮುಂಬೈ