ವಿಂಗಡಿಸಿ ಕೊಟ್ಟ ಕಸ ಬೆರೆಸಿದ್ದು ಯಾರು?

ಸಂಪಾದಕರೇ,

ನಮ್ಮ ವಾರ್ಡಿನ ಜನ ಕಸ ವಿಂಗಡಿಸುವುದಿಲ್ಲ, ಇನ್ನು ಮುಲಾಜಿಲ್ಲದೆ ದಂಡ ಹಾಕುತ್ತೇವೆ ಅಂತ ಅಧಿಕಾರಿಯೊಬ್ಬರು ಹೇಳಿದ್ದನ್ನು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಆ ಸಿಟ್ಟು ಇನ್ನೂ ಆರಿರಲಿಲ್ಲ. ಅಷ್ಟರಲ್ಲಿ ಇವತ್ತು ಬೆಳಗ್ಗೆ ನಮ್ಮ ಗೇಟಿನ ಮುಂದೆ ನಡೆದದ್ದನ್ನು ಕೇಳಿ. ದಂಡ ಯಾರಿಗೆ ಹಾಕಬೇಕು ಅಂತ ಆಮೇಲೆ ಅವರೇ ಹೇಳಲಿ.

ಹಸಿರು ಬುಟ್ಟಿಯಲ್ಲಿ ತರಕಾರಿ ಸಿಪ್ಪೆ, ಕಾಫಿ ಚರಟ, ಹಳಸಿದ ಸಾರು-ಅನ್ನ. ಚೀಲದಲ್ಲಿ ತೊಳೆದು ಒಣಗಿಸಿದ ಹಾಲಿನ ಕವರ್, ರಟ್ಟು, ಪಾರ್ಸಲ್ ಡಬ್ಬಿ. ನಮ್ಮತ್ತೆಯ ಡಯಾಪರ್ ಬೇರೆ, ಹಳೆ ಪೇಪರ್‌ನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಮೂರನ್ನೂ ಬೇರೆ ಬೇರೆಯಾಗಿಯೇ ಕೊಟ್ಟೆ. ಆಟೊದವರು ಬುಟ್ಟಿಯನ್ನು ಬೋರಲು ಹಾಕಿದರು. ಅದರ ಮೇಲೇ ಚೀಲ ಕೊಡವಿದರು. ಡಯಾಪರ್ ಪೊಟ್ಟಣವನ್ನೂ ಅದೇ ರಾಶಿಗೆ ಎಸೆದರು. ತೊಳೆದಿಟ್ಟ ಹಾಲಿನ ಕವರೆಲ್ಲ ಸಾರಿನಲ್ಲಿ ಮುಳುಗಿ ಹೋಯಿತು. "ಯಾಕಪ್ಪಾ ಹೀಗೆ?" ಅಂತ ಕೇಳಿದೆ. "ಗಾಡೀಲಿ ಜಾಗ ಎಲ್ಲಿದೆ ಅಕ್ಕ? ಲಾರಿಗೆ ಹೋದ್ಮೇಲೆ ಹೆಂಗೂ ಎಲ್ಲಾ ಒಂದೇ" ಅಂದರು.

ಅವರ ಮೇಲೆ ನನಗೆ ಕೋಪ ಇಲ್ಲ. ಕೈಗೆ ಒಂದು ಗ್ಲೌಸ್ ಕೂಡ ಇಲ್ಲದೆ ಊರಿನವರ ಡಯಾಪರ್ ಎತ್ತುವವರು ಅವರು. ಗಾಡಿಯೊಳಗೆ ಒಂದು ಅಡ್ಡ ತಗಡು ಹಾಕಿಸದ ಗುತ್ತಿಗೆದಾರನ ಮೇಲೆ ಕೋಪ. ಅದನ್ನು ದಿನಾ ನೋಡಿಯೂ ಬಾಯಿ ಬಿಡದೆ, ಪೇಪರಿನವರ ಮುಂದೆ ಮಾತ್ರ ನಮ್ಮನ್ನು ಬೈಯುವವರ ಮೇಲೆ ಕೋಪ.

ವಿಂಗಡಿಸಿಡುವುದು ಮನೆಯಲ್ಲಿ ಎಷ್ಟು ಕೆಲಸ ಅಂತ ಇವರಿಗೆ ಗೊತ್ತಾ? ಒಣ ಕಸಕ್ಕೆ ಗೊತ್ತು ಮಾಡಿದ ದಿನ ಗಾಡಿ ಬರಲಿಲ್ಲ ಅಂದರೆ ಚೀಲ ಇನ್ನೊಂದು ವಾರ ಬಾಲ್ಕನಿಯಲ್ಲೇ. ರಾತ್ರಿ ಇಲಿ ಕಚ್ಚಿ ಎಳೆದಾಡಿರುತ್ತದೆ. ಎಳನೀರು ಬುರುಡೆ ತಗೊಳ್ಳಲ್ಲ ಅನ್ನುತ್ತಾರೆ. ಇಟ್ಟುಕೊಂಡರೆ ಸೊಳ್ಳೆ. ಹೊತ್ತಂತೂ ಕೇಳಲೇಬೇಡಿ. ಒಂದು ದಿನ ಆರೂವರೆಗೇ ಬಂದು ಹೋಗಿರುತ್ತದೆ, ಇನ್ನೊಂದು ದಿನ ಹತ್ತಾದರೂ ಪತ್ತೆ ಇಲ್ಲ. ಕೆಲಸಕ್ಕೆ ಹೋಗುವವರು ಕಸ ಯಾರ ಕೈಗೆ ಕೊಡಬೇಕು? ಟ್ರಾನ್ಸ್‌ಫಾರ್ಮರ್ ಕೆಳಗೆ ರಾಶಿ ಬೀಳುವುದು ಇದಕ್ಕೇ. ನಿಮ್ಮ ವರದಿಯ ಜೊತೆ ಹಾಕಿದ ಚಿತ್ರ ಆ ಜಾಗದ್ದೇ.

ಡಯಾಪರ್ ಪಾಡು ಇನ್ನೂ ಕಷ್ಟ. ಅತ್ತೆ ಹಾಸಿಗೆ ಹಿಡಿದಿದ್ದಾರೆ. ಗಾಡಿ ಬರದಿದ್ದಾಗ ಆ ಪೊಟ್ಟಣಗಳಿಗೆ ಬ್ಲೀಚಿಂಗ್ ಪುಡಿ ಹಾಕಿ, ಹಿತ್ತಲಿನಲ್ಲಿ ಮುಚ್ಚಿಡುತ್ತೇನೆ. ಆದರೂ ವಾಸನೆ ಒಳಗೆ ಬರುತ್ತದೆ. "ನನ್ನಿಂದ ನಿಮಗೆಲ್ಲ ತೊಂದರೆ" ಅಂತ ಅತ್ತೆ ಕಣ್ಣೀರು ಹಾಕುತ್ತಾರೆ. ಆ ಅಧಿಕಾರಿ ಬಂದು ಅದನ್ನೊಮ್ಮೆ ಕೇಳಿಸಿಕೊಳ್ಳಲಿ. ಪ್ಯಾಡ್, ಡಯಾಪರ್ ಮಾಡುವ ಕಂಪನಿಗಳು ಅದನ್ನು ಸುತ್ತಿ ಎಸೆಯಲು ಪ್ಯಾಕೆಟ್ ಜೊತೆಗೇ ಚೀಲ ಕೊಡಬೇಕು ಅಂತ 2016ರ ಕೇಂದ್ರದ ನಿಯಮದಲ್ಲೇ ಬರೆದಿದ್ದರು. ನಾವು ತರುವ ಪ್ಯಾಕೆಟ್ಟಿನಲ್ಲಿ ಅದನ್ನು ನಾನು ಕಂಡಿಲ್ಲ. ಆ ಕಂಪನಿಗಳಿಗೆ ದಂಡ ಹಾಕುವ ಧೈರ್ಯ ಇದೆಯಾ?

ಬೆರೆತ ಕಸ ಯಾವ ಕೆಲಸಕ್ಕೂ ಬರುವುದಿಲ್ಲ. ಹಸಿ ಕಸ ಒಂದೇ ಇದ್ದರೆ ಗೊಬ್ಬರ ಆಗುತ್ತದೆ, ಗ್ಯಾಸ್ ಆಗುತ್ತದೆ. ಒಣ ಕಸ ಒಂದೇ ಇದ್ದರೆ ಗುಜರಿಗೆ ಹೋಗುತ್ತದೆ, ಆಯುವವರಿಗೂ ನಾಲ್ಕು ಕಾಸು. ಎರಡೂ ಸೇರಿದರೆ ಗೊಬ್ಬರದ ತುಂಬ ಪ್ಲಾಸ್ಟಿಕ್ ಚೂರು, ಪೇಪರೆಲ್ಲ ಮುದ್ದೆ. ಕೊನೆಗೆ ಅಷ್ಟನ್ನೂ ಯಾವುದೋ ಕಲ್ಲು ಕ್ವಾರಿಗೆ ಸುರಿಯಬೇಕು. ಅಲ್ಲಿ ಕೊಳೆತು ಇಳಿಯುವ ಕಪ್ಪು ನೀರು ಹಳ್ಳಿಯವರ ಬೋರ್‌ವೆಲ್ ಸೇರುತ್ತದೆ. ಬೆಂಗಳೂರಿನ ಕಸ ಸುರಿಯುತ್ತಿದ್ದ ಹಳ್ಳಿಗಳಲ್ಲಿ ಮಾವಳ್ಳಿಪುರದ ಜನ ಸಾಕು ಅಂದರು, ಮಂಡೂರಿನವರು 2014ರಲ್ಲಿ ಬೀದಿಗಿಳಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಮರುವರ್ಷ ಹೈಕೋರ್ಟ್ ಹಸಿ ಕಸಕ್ಕೆ ಹಸಿರು ಬುಟ್ಟಿ, ಪ್ಯಾಡ್-ಡಯಾಪರ್‌ಗೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ಅಂತ ಆದೇಶ ಕೊಟ್ಟಿತು. ನಾವು ದುಡ್ಡು ಕೊಟ್ಟು ಬುಟ್ಟಿ ತಂದೆವು, ಮಕ್ಕಳಿಗೂ ಅಭ್ಯಾಸ ಮಾಡಿಸಿದೆವು. ಇವರಿಗೆ ಮಾತ್ರ ಇನ್ನೂ ಅಭ್ಯಾಸ ಆಗಿಲ್ಲ.

ಕಸ ಕಡಿಮೆ ಮಾಡಿ ಅಂತ ಬುದ್ಧಿ ಬೇರೆ ಹೇಳುತ್ತಾರೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧಿಸಿದ್ದು 2016ರಲ್ಲಿ. 2022ರ ಜುಲೈನಿಂದ ಪ್ಲಾಸ್ಟಿಕ್ ಲೋಟ, ಚಮಚ, ಸ್ಟ್ರಾ ಕೂಡ ದೇಶದಲ್ಲೆಲ್ಲ ನಿಷೇಧ. ನಮ್ಮ ಮಾರ್ಕೆಟ್ಟಿಗೆ ಬಂದು ನೋಡಿ, ಕೊತ್ತಂಬರಿಗೊಂದು ಕವರ್, ಮೆಣಸಿನಕಾಯಿಗೊಂದು ಕವರ್. ಬಟ್ಟೆ ಚೀಲ ಚಾಚಿದರೂ ಮೊದಲು ಕವರಿಗೆ ಹಾಕಿಯೇ ಚೀಲಕ್ಕೆ ಹಾಕುತ್ತಾರೆ. ಯಾವಾಗಾದರೊಮ್ಮೆ ದಾಳಿ ಅಂತ ಬಂದು ತಳ್ಳುಗಾಡಿಯವರ ಕವರ್ ಕಿತ್ಕೊಂಡು ಹೋಗುತ್ತಾರೆ. ಅವು ತಯಾರಾಗುವ ಜಾಗಕ್ಕೆ ಮೊದಲು ಹೋಗಬೇಕಲ್ವಾ?

ಈ ಪಾಲಿಕೆ ಕಚೇರಿಯವರ ಹಣೆಬರಹ ನಮಗೆ ಹೊಸದಲ್ಲ. ಪೈಪ್ ಹಾಕಲು ಅಗೆದ ರಸ್ತೆ ಹೋದ ಮಳೆಗಾಲದಿಂದ ಹಾಗೇ ಬಿದ್ದಿದೆ. ಬೀದಿ ದೀಪದ ದೂರಿಗೆ ಇನ್ಯಾವುದೋ ರಸ್ತೆಯ ಫೋಟೊ ಹಾಕಿ ದೂರನ್ನೇ ಮುಗಿಸಿದರು. ಮೋರಿ ಹೂಳು ತೆಗೆದು ಪಕ್ಕದಲ್ಲೇ ಸುರಿದರು, ಅದು ಮಳೆಗೆ ವಾಪಸ್ ಮೋರಿಗೇ ಹೋಯಿತು. ಹೋಗಿ ಕೇಳೋಣ ಅಂದರೆ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಆಸ್ತಿ ತೆರಿಗೆ ಜೊತೆ ಕಸದ ಶುಲ್ಕ ವಸೂಲಿ ಮಾಡುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ.

ಗಾಡಿಗೆ ಒಂದು ಹೊತ್ತು ಗೊತ್ತು ಮಾಡಲಿ. ಹಸಿ ಕಸಕ್ಕೆ, ಒಣ ಕಸಕ್ಕೆ ಬೇರೆ ಜಾಗ ಮಾಡಿಸಲಿ. ಕೆಲಸದವರಿಗೆ ಗ್ಲೌಸ್ ಕೊಡಲಿ. ಆಗದಿದ್ದರೆ ಗುತ್ತಿಗೆದಾರನನ್ನು ಬದಲಾಯಿಸಲಿ, ಇಲ್ಲವೇ ಆ ಅಧಿಕಾರಿಯನ್ನೇ ಬದಲಾಯಿಸಲಿ. ಮೇಲಿನವರು ಏನಾದರೂ ಮಾಡಲೇಬೇಕು. ರಸೀದಿ ಪುಸ್ತಕ ಹಿಡಿದು ನಮ್ಮ ಮನೆ ಬಾಗಿಲಿಗೆ ಬರುವವರು ಮೊದಲು ಒಂದು ಬೆಳಗ್ಗೆ ಆ ಆಟೊ ಹಿಂದೆ ನಡೆದು ಬರಲಿ. ಇಷ್ಟು ವರ್ಷ ಸುಮ್ನೆ ಕೂತು ಈಗ ಜನರ ಮೇಲೆ ತಪ್ಪು ಹೊರಿಸಲು ಸ್ವಲ್ಪವೂ ನಾಚಿಕೆ ಆಗಲ್ವಾ ಇವರಿಗೆ?

– ನೊಂದ ಓದುಗಿ, ಬೆಂಗಳೂರು